ನೀರಿಗೆ ಗಂಟು ಹಾಕಿದ ನಾದಿನಿ

ಟಪ್. ಟಪ್. ಟಪಾರ್!

ಕಬ್ಬಿಣದ ಬಾಣಲೆಯಲ್ಲಿ ಹುಣಸೆ ಬೀಜ ಸಿಡಿಯುವ ಸದ್ದು ಇದು. ಕೆಲವು ಪುಣ್ಯವಂತರಿಗೆ ಕಳೆದ ದಿನಗಳನ್ನು ನೆನೆದರೆ ಕೋಗಿಲೆ ಕೇಳಿಸುತ್ತದಂತೆ, ಪಿಯಾನೋ ಕೇಳಿಸುತ್ತದಂತೆ. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದ ನನಗೆ ನ್ಯಾಯವಾಗಿ ಪಿಯಾನೋನೇ ಕೇಳಿಸಬೇಕಿತ್ತು. ಆದರೆ ಕಣ್ಣು ಮುಚ್ಚಿದರೆ ಸಾಕು, ಕೂಡ್ಲಿಗಿಯ ನಮ್ಮ ಮನೆಯ ಹಿತ್ತಲಿನಿಂದ ಟಪಾರ್ ಎನ್ನುತ್ತದೆ. ಅದರ ಬೆನ್ನಿಗೇ ನಮ್ಮ ನಾದಿನಿಯ ದನಿ: "ಅತ್ತಿಗವ್ವಾ, ಏಳ್ರಿ! ಬೀಜ ಸಿಪ್ಪಿ ಬಿಡಾಕತ್ಯಾವು!" ಬೀಜ ಸಿಪ್ಪೆ ಬಿಟ್ಟರೆ ನಾನೇಕೆ ಏಳಬೇಕು? ಈ ಪ್ರಶ್ನೆಗೆ ಆಕೆ ಎಂದೂ ಉತ್ತರ ಕೊಟ್ಟವಳಲ್ಲ.

ನಮ್ಮ ನಾದಿನಿಯ ಬಗ್ಗೆ ಒಂದೇ ಮಾತಿನಲ್ಲಿ ಹೇಳಬೇಕೆಂದರೆ, ಆಕೆಯ ಕೈಗೆ ಒಂದು ಲೋಟ ನೀರು ಕೊಟ್ಟರೆ ಕುಡಿಯುತ್ತಿರಲಿಲ್ಲ, ಗಟ್ಟಿ ಮಾಡುತ್ತಿದ್ದಳು! ನಗಬೇಡಿ. ಬಾಯಾರಿ ಬಂದವರಿಗೆ ತಂಬಿಗೆಯಲ್ಲಿ ನೀರು ಕೊಡುವ ಹೆಂಗಸರನ್ನು ನೀವು ಬೇಕಾದಷ್ಟು ಜನ ನೋಡಿದ್ದೀರಿ. ನೀರನ್ನು ಚಾಕುವಿನಲ್ಲಿ ಕೊಯ್ದು, ತಟ್ಟೆಯಲ್ಲಿಟ್ಟು, "ಮುಟ್ಟಿ ನೋಡ್ರಿ, ಮುಟ್ಟಿ ನೋಡ್ರಿ" ಎನ್ನುವ ಹೆಂಗಸನ್ನು ನೋಡಿದ್ದೀರಾ? ಇಲ್ಲ ತಾನೇ? ಹಾಗಿದ್ದರೆ ಸುಮ್ಮನೆ ಕೇಳಿ.

ಆಕೆ ನಮ್ಮ ಯಜಮಾನರ ಒಬ್ಬಳೇ ತಂಗಿ. ಕೊಟ್ಟೂರಿನ ಹೈಸ್ಕೂಲಿನಲ್ಲಿ ಸೈನ್ಸ್ ಟೀಚರ್ ಆಗಿ ರಿಟೈರ್ ಆದವಳು. ಮದುವೆ ಆಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, "ಅದು ರಿವರ್ಸಿಬಲ್ ರಿಯಾಕ್ಷನ್ ಅಲ್ರಿ, ಅದಕ್ಕ ಮಾಡಲಿಲ್ಲ" ಎನ್ನುವಳು. ಕೇಳಿದವರು ಮುಂದೆ ಜನ್ಮದಲ್ಲಿ ಕೇಳುತ್ತಿರಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ಆಕೆ ಅರ್ಧ ವಾರ ಕೊಟ್ಟೂರಿನ ತನ್ನ ಮನೆಯಲ್ಲಿ, ಅರ್ಧ ವಾರ ನನ್ನ ಮನೆಯಲ್ಲಿ ಇರತೊಡಗಿದಳು. "ಅತ್ತಿಗವ್ವಗ ಒಂಟಿ ಅನಿಸಬಾರದಲ್ಲ" ಎಂದು ಊರಿಗೆಲ್ಲ ಹೇಳುತ್ತಿದ್ದಳು. ನನಗೆ ಗೊತ್ತು, ಆಕೆಯ ಕಣ್ಣು ಇದ್ದದ್ದು ನನ್ನ ಒಂಟಿತನದ ಮೇಲಲ್ಲ, ನನ್ನ ಹಿತ್ತಲಿನ ಮೇಲೆ! ಕೊಟ್ಟೂರಿನ ಮನೆಗೆ ಹಿತ್ತಲಿರಲಿಲ್ಲ.

ಇಲ್ಲೇ ನನ್ನ ಕಾಲಿನ ವಿಷಯವನ್ನೂ ಹೇಳಿಬಿಡುತ್ತೇನೆ. ನನಗೆ ಸಕ್ಕರೆ ಕಾಯಿಲೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಒಂದು ಹುಣ್ಣಾಗಿತ್ತು, ಮಾಯಲು ಒಲ್ಲೆ ಎನ್ನುತ್ತಿತ್ತು. ಊರಿನ ಡಾಕ್ಟರು ಕನ್ನಡಕದ ಮೇಲಿಂದ ನೋಡಿ, "ಹಿಂಗ ಬಿಟ್ರ ಬೆರಳು ತಗೀಬೇಕಾಗತೈತ್ರಿ ಅಮ್ಮಾರ" ಎಂದಿದ್ದರು. ಫಾರ್ ಹೆವನ್ಸ್ ಸೇಕ್, ಹೆಬ್ಬೆರಳು! ಆ ಮಾತು ಕೇಳಿದ ದಿನದಿಂದ ನಾನು ಬಿಳಿ ಸಾಕ್ಸ್ ಹಾಕಿಕೊಂಡೇ ಓಡಾಡಿದೆ. ನಾದಿನಿಗೆ ಹೇಳಲಿಲ್ಲ. ಅಳುತ್ತಾಳೆ ಎಂದಲ್ಲ. ಆಕೆ ಆಗ ಯಾವ ಹುಚ್ಚಿನಲ್ಲಿದ್ದಳೆಂದರೆ, ತೇವ ಇರುವ, ತೇವ ಬೇಕಾದ, ತೇವ ಕಳೆದುಕೊಂಡ ಯಾವ ವಸ್ತುವನ್ನೂ ಬಿಡುತ್ತಿರಲಿಲ್ಲ. ನನ್ನ ಹುಣ್ಣು ಕಣ್ಣಿಗೆ ಬಿದ್ದಿದ್ದರೆ ಮುಗಿಯಿತು, ನಾನೂ ಒಂದು ಸ್ಯಾಂಪಲ್!

"ಕಾನ್ವೆಂಟ್ ಬಿಟ್ಟು ಒಂದು ಜನ್ಮ ಆತು, ಸಾಕ್ಸ್ ಬಿಡಲಿಲ್ಲಲ್ರಿ ನೀವು!" ಎಂದು ಆಕೆ ಆಡಿಕೊಳ್ಳುತ್ತಿದ್ದಳು.

"ಮ್ಯಾನರ್ಸ್" ಎನ್ನುತ್ತಿದ್ದೆ ನಾನು.

ಹುಚ್ಚು ಹತ್ತಿದ್ದು ಹೇಗೆ ಎಂದರೆ, ಒಂದು ಡಯಾಪರಿನಿಂದ. ಪಕ್ಕದ ಮನೆಗೆ ಬಾಣಂತಿ ಬಂದಿದ್ದಳು. ಕೂಸಿನ ಡಯಾಪರ್ ನೋಡಿ ನಮ್ಮ ನಾದಿನಿಗೆ ತಡೆಯಲಾಗಲಿಲ್ಲ. ಹೊಸದೊಂದನ್ನು ಬೇಡಿ ತಂದು (ಹೊಸದು, ದೇವರ ದಯೆ!), ನನ್ನ ತರಕಾರಿ ಹೆಚ್ಚುವ ಮಣೆಯ ಮೇಲಿಟ್ಟು, ಬದನೆಕಾಯಿ ಸೀಳುವಂತೆ ಸೀಳಿದಳು. ಒಳಗಿಂದ ಸಕ್ಕರೆಯಂಥ ಬಿಳಿ ಪುಡಿ ಉದುರಿತು. ಅದನ್ನು ಲೋಟಕ್ಕೆ ಹಾಕಿ, ನೀರು ಹೊಯ್ದು, ಒಂದು ಕ್ಷಣ ಬಿಟ್ಟು, ಆ ಲೋಟವನ್ನು ನನ್ನ ತಲೆಯ ಮೇಲೆ ಬೋರಲು ಹಾಕಿದಳು! ನಾನು "ಮೈ ಗಾಡ್!" ಎಂದು ಕಿರುಚಿ ಕಣ್ಣು ಮುಚ್ಚಿದೆ. ಒಂದು ಹನಿ ಬೀಳಲಿಲ್ಲ. ನೀರು ಲೋಟದೊಳಗೆ ಬಾವಲಿಯ ಹಾಗೆ ತಲೆಕೆಳಗಾಗಿ ಜೋತುಬಿದ್ದಿತ್ತು.

"ನೋಡಿದ್ರೇನ್ರಿ? ನೀರಿಗೆ ಗಂಟು ಹಾಕ್ಯಾರ!" ಎಂದಳು. ಆಕೆಯ ಕಣ್ಣು ಕೂಸಿನ ಕಣ್ಣಿನಂತಿತ್ತು. "ಇದಕ್ಕ ಹೈಡ್ರೋಜೆಲ್ ಅಂತಾರ. ತನ್ನ ತೂಕದ ನೂರಾರು ಪಟ್ಟು ನೀರು ಹಿಡೀತೈತಿ."

"ವೆರಿ ನೈಸ್. ಮಣೆ ತೊಳಿ."

ಆಕೆ ತೊಳೆಯಲಿಲ್ಲ. ಆ ಜೆಲ್ಲನ್ನು ಬೆರಳಿನಲ್ಲಿ ಹಿಸುಕುತ್ತಾ ಮುಖ ಸಣ್ಣ ಮಾಡಿದಳು. "ಆದ್ರ ಇದು ಪ್ಲಾಸ್ಟಿಕ್ ಜಾತಿ ಅತ್ತಿಗವ್ವಾ. ಮಣ್ಣಿಗೆ ಹಾಕಿದ್ರ ಮಣ್ಣಾಗಂಗಿಲ್ಲ. ಈ ಕೂಸು ಮುದುಕಿ ಆಗಿ ಸತ್ರೂ ಇದು ಸಾಯಂಗಿಲ್ಲ. ನೀರು ಹಿಡಿಯೋದು ದೊಡ್ಡದಲ್ಲ. ಹಿಡೀಬೇಕು, ಕೇಳಿದವರಿಗೆ ಸಾವಕಾಶ ಕೊಡಬೇಕು, ಕೆಲಸ ಮುಗಿದ ಮ್ಯಾಲೆ ಇರಬಾರದು. ಹಂಗಿರಬೇಕು."

"ಅಂಥವರು ಮನುಷ್ಯರಲ್ಲೇ ಇಲ್ಲ" ಎಂದೆ ನಾನು.

"ಮನುಷ್ಯರನ್ನ ಯಾರ್ ಮಾಡಾಕತ್ಯಾರ? ಜೆಲ್ ಮಾಡೋಣ ಬರ್ರಿ" ಎಂದಳು.

ಹೀಗೆ ಶುರುವಾಯಿತು ನೋಡಿ, ಟಪ್ ಟಪ್ ಟಪಾರ್. ನಮ್ಮ ಕಡೆ ಕಂಬಳಿ ನೇಯುವವರು ಹುಣಸೆ ಬೀಜವನ್ನು ಹುರಿದು, ಸಿಪ್ಪೆ ಕಳೆದು, ಬೀಸಿ, ಕುದಿಸಿ, ಆ ಗಂಜಿಯನ್ನು ಉಣ್ಣೆಯ ಎಳೆಗಳಿಗೆ ಹಚ್ಚುತ್ತಾರೆ. ಎಳೆ ಬಿಗಿಯಾಗುತ್ತದೆ. ಹುಡುಗಿಯಾಗಿದ್ದಾಗಿನಿಂದ ಅದನ್ನು ನೋಡಿದ್ದ ನಮ್ಮ ನಾದಿನಿಗೆ ಆ ಗಂಜಿಯೇ ಹೊಳೆಯಿತು. ಗಂಜಿಗೆ ಲಿಂಬಿ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಪುಡಿ, ಬೆರೆಸಿ ತವೆಯ ಮೇಲೆ ಸಣ್ಣ ಉರಿಯಲ್ಲಿ ಕಾಯಿಸಿದರೆ ಅದರ ಎಳೆಗಳು ಒಂದರ ಕೈ ಒಂದು ಹಿಡಿದುಕೊಳ್ಳುತ್ತವೆಯಂತೆ. ಆಮೇಲೆ ನೀರು ಹಾಕಿದರೂ ಕರಗುವುದಿಲ್ಲ, ಉಬ್ಬುತ್ತದೆ. ಉಬ್ಬಿತು ಕೂಡ! ಆದರೆ ಎತ್ತಲು ಹೋದರೆ ಹರಿದು ಕೈಯಿಂದ ಜಾರಿ, ನನ್ನ ಪೂಜೆಯ ಚೊಂಬಿನೊಳಗೆ ಬಿತ್ತು.

ಅದಕ್ಕೆ ಗಟ್ಟಿತನ ಬರಲೆಂದು ಆಕೆ ಉಣ್ಣೆ ತಂದಳು. ತಂಬ್ರಹಳ್ಳಿಯಲ್ಲಿ ಕುರಿ ಸಾಕಿಕೊಂಡು ಹೊಲ ಮಾಡುವ ಆಕೆಯ ಹಳೆಯ ವಿದ್ಯಾರ್ಥಿಯೊಬ್ಬನಿದ್ದ. ಕುರಿಯ ಉಣ್ಣೆ ಕತ್ತರಿಸುವಾಗ ಉಳಿಯುವ, ನೂಲಿಗೆ ಬಾರದ ಗಿಡ್ಡ ಕೂದಲನ್ನು ಅವನು ಚೀಲಗಟ್ಟಲೆ ಕೊಟ್ಟ. ಆ ಚೀಲ ಬಸ್ಸಿನಲ್ಲಿ ಬಂತು. ಜೊತೆಗೆ ಅದರ ವಾಸನೆಯೂ ಟಿಕೆಟ್ ಇಲ್ಲದೆ ಬಂತು!

"ಇದ ಕಾಂಪೋಸಿಟ್" ಎಂದು ಆಕೆ ಅಡುಗೆಮನೆಯ ಬಾಗಿಲ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದು ಪಾಠ ಮಾಡಿದಳು. "ಗಂಜಿ ಒಂದ ಇದ್ರ ಹರೀತೈತಿ. ಕೂದಲ ಒಂದ ಇದ್ರ ಹಾರತೈತಿ. ಮಣ್ಣಿನ ಗ್ವಾಡಿಗೆ ಹುಲ್ಲು ತುಳೀತಾರಲ್ಲ, ಹಂಗ. ಎರಡೂ ಕೂಡಿದ್ರ ನಿಂದ್ರತಾವು. ಸಂಸಾರ ಇದ್ದಂಗ."

"ಸಂಸಾರದ ಬಗ್ಗೆ ನಿನಗೇನು ಗೊತ್ತು?"

"ಒಳಗ ಕುಂತವರಿಗೆ ಗ್ವಾಡಿ ಕಾಣತೈತಿ. ಹೊರಗ ನಿಂತವರಿಗೆ ಮನಿ ಕಾಣತೈತಿ. ನಿಮ್ಮನ್ನ ಅಣ್ಣನ್ನ ನೋಡೀನಲ್ರಿ ನಾನು. ನೀವು ಗಂಜಿ, ಅವ ಕೂದಲ."

ನಾಲ್ಕು ದಶಕದ ನನ್ನ ದಾಂಪತ್ಯವನ್ನು ಇಷ್ಟು ಚೆನ್ನಾಗಿ ಯಾರೂ ವಿವರಿಸಿರಲಿಲ್ಲ. ಆದರೂ ನಾನು ಮುಖ ತಿರುಗಿಸಿದೆ. ಗಂಜಿ ಅಂತೆ!

ಆ ವರ್ಷ ಸಂತೆಯಲ್ಲಿ ಹುಣಸೆ ಬೀಜ ಕಂಡರೆ ಈಕೆಯದೇ. ಕೊನೆಗೆ ಒಂದು ಬೆಳಿಗ್ಗೆ ಕಂಬಳಿ ನೇಯುವ ಮುದುಕನೊಬ್ಬ ನಮ್ಮ ಬಾಗಿಲಿಗೇ ಬಂದ.

"ಟೀಚರಮ್ಮಾರ, ಬೀಜ ಎಲ್ಲಾ ನೀವ ಕಟ್ಟಿಸಿಗಂಡ್ರ ನಮ್ಮ ಕಂಬಳಿಗೆ ಏನ್ ಹಚ್ಚೋಣ್ರಿ? ನಿಮ್ಮ ಪಾಠಾನ?"

ನಾದಿನಿ ಅವನನ್ನು ಕೂರಿಸಿ, ಚಹಾ ಕೊಟ್ಟು, ಅರ್ಧ ಚೀಲ ಬೀಜ ಹಿಂತಿರುಗಿಸಿದಳು. ಜೊತೆಗೆ ಗಂಜಿ, ಕೂದಲು ಕಲಸಿ ಕಟ್ಟಿ, ನೀರಲ್ಲಿ ಉಬ್ಬಿಸಿದ ಒಂದು ಉಂಡೆಯನ್ನು ಅವನ ಅಂಗೈಯಲ್ಲಿಟ್ಟಳು. ಅವನು ಅದನ್ನು ಬಹಳ ಹೊತ್ತು ನೋಡಿ, ತೂಗಿ, ಮೂಸಿ, "ಚಲೋ ಐತ್ರಿ" ಎಂದ. "ಆದ್ರ ಇದನ್ನ ಹೊದಕೊಳ್ಳಾಕ ಬರಂಗಿಲ್ಲಲ್ಲ?" ಎಂದು ಕೇಳಿ ಹೊರಟ.

ಉಂಡೆ ಒಣಗಿದಾಗ ಲಿಂಬೆಹಣ್ಣಿನಷ್ಟು, ನೆನೆದಾಗ ತೆಂಗಿನಕಾಯಿಯಷ್ಟು. (ನಾನು ಸ್ವಲ್ಪ ಉಬ್ಬಿಸಿ ಹೇಳುತ್ತಿರಬಹುದು. ಸಹವಾಸದೋಷ.) ಆದರೆ ನಮ್ಮ ನಾದಿನಿಗೆ ಸಮಾಧಾನ ಎಂಬುದೇ ಇರಲಿಲ್ಲ. ಉಂಡೆ ಉಬ್ಬಿದಾಗ ಕುಸಿಯುತ್ತದೆ ಎಂದು ಬಿಳಿ ಮಣ್ಣು ಬೆರೆಸಿದಳು. ಹುಳ ಹತ್ತುತ್ತದೆ ಎಂದು ಬೂದಿ ಸೋಸಿ ಬೆರೆಸಿದಳು. ಈ ಹೊಸ ಮಾದರಿಯನ್ನು ಚೌಕಾಕಾರದ ಗಟ್ಟಿಗಳಾಗಿ ತಟ್ಟಿ, ಮನೆಯಲ್ಲಿ ಬಿಸಿಲು ಚೆನ್ನಾಗಿ ಬೀಳುವ ಜಾಗ ಯಾವುದೆಂದು ನೋಡಿ, ಅಲ್ಲಿ ಒಣಗಲು ಸಾಲಾಗಿ ಇಟ್ಟಳು. ಬಿಸಿಲು ಚೆನ್ನಾಗಿ ಬೀಳುವ ಜಾಗ ನಮ್ಮ ಮನೆಯಲ್ಲಿ ಯಾವುದು ಹೇಳಿ? ದೇವರ ಮನೆಯ ಕಿಟಕಿ!

ಬೆಳ್ಳಗೆ, ಚೌಕವಾಗಿ, ನುಣ್ಣಗೆ, ದೇವರ ಮನೆಯ ಕಿಟಕಿಯಲ್ಲಿ ಕೂತ ಗಟ್ಟಿಯನ್ನು ಕಂಡರೆ ನಮ್ಮ ಜನ ಏನೆಂದುಕೊಳ್ಳುತ್ತಾರೆ? ನೀವು ಶಿವಭಕ್ತರ ಮನೆಯಲ್ಲಿ ಹುಟ್ಟಿದ್ದರೆ ನಿಮಗೆ ಈಗಾಗಲೇ ಬೆವರು ಬಂದಿರಬೇಕು.

ಹರಪನಹಳ್ಳಿಯಿಂದ ನಮ್ಮ ದೊಡ್ಡ ಬೀಗರು ಬಂದಿದ್ದರು. ಎತ್ತರದ ಆಳು, ಬಿಳಿ ಮೀಸೆ, ನಕ್ಕರೆ ಮರ್ಯಾದೆ ಹೋಗುತ್ತದೆ ಎಂದು ನಂಬಿದವರು. ಮುಂಜಾನೆ ಸ್ನಾನ ಮಾಡಿ, ಒದ್ದೆ ಮೈಯಲ್ಲೇ ದೇವರ ಮನೆ ಹೊಕ್ಕು, ಕಿಟಕಿಯ ವಿಭೂತಿ ಗಟ್ಟಿಯನ್ನು ಅಂಗೈಯಲ್ಲಿ ನೀರು ಹಾಕಿ ಧಾರಾಳವಾಗಿ ತೇಯ್ದರು. ಹಣೆಗೆ ಮೂರು ಬೆರಳು. ತೋಳಿಗೆ ಮೂರು ಬೆರಳು. ಎದೆಗೆ ಮೂರು ಬೆರಳು. ಆಮೇಲೆ ಕಣ್ಣು ಮುಚ್ಚಿ ಪೂಜೆಗೆ ಕೂತರು.

ನಾನು ನೈವೇದ್ಯ ಹಿಡಿದು ಒಳಗೆ ಹೋದಾಗ ಹಣೆಯ ಮೂರು ಗೆರೆಗಳು ಮೂರು ಹಾವಿನ ಮರಿಗಳಂತೆ ಉಬ್ಬಿದ್ದವು. ನೋಡುತ್ತಿದ್ದಂತೆ ಮೇಲಿನದು ನಡುವಿನದಕ್ಕೆ ಕೂಡಿಕೊಂಡಿತು. ನಡುವಿನದು ಕೆಳಗಿನದಕ್ಕೆ ಕೂಡಿಕೊಂಡಿತು. ಮೂರೂ ಒಂದಾಗಿ, ಗಂಭೀರವಾಗಿ, ಮೂಗಿನ ದಾರಿ ಹಿಡಿದು ಇಳಿಯತೊಡಗಿದವು. ಬೀಗರು ಕಣ್ಣು ಬಿಟ್ಟರು.

"ಏನಮ್ಮಾ ಇದು? ನಿಮ್ಮನೆ ವಿಭೂತಿ ಬೆಳೀತೈತಲ್ಲ!"

ನಾನು ಭೂಮಿ ಬಾಯಿ ಬಿಡಲಿ ಎಂದು ಪ್ರಾರ್ಥಿಸುತ್ತಿದ್ದೆ. ಅಷ್ಟರಲ್ಲಿ ಹಿತ್ತಲಿನಿಂದ ನಾದಿನಿ ಓಡಿ ಬಂದಳು. ಕ್ಷಮೆ ಕೇಳುತ್ತಾಳೆ ಎಂದುಕೊಂಡಿರಾ? ಹೂಂ!

"ಒರೆಸ್ಬ್ಯಾಡ್ರಿ ಬೀಗರ! ಕೈ ಹಚ್ಚಬ್ಯಾಡ್ರಿ! ಮೊದಲ ಹೇಳ್ರಿ, ಹಣಿ ತಂಪು ಐತೋ ಇಲ್ಲೋ?"

ಬೀಗರು ಆಕೆಯನ್ನು ನೋಡಿದರು. ನನ್ನನ್ನು ನೋಡಿದರು. ಮೂಗಿನ ತುದಿಯಲ್ಲಿ ತೂಗುತ್ತಿದ್ದ ಹನಿಯನ್ನು ನೋಡಿದರು. ಕೊನೆಗೆ ಪ್ರಾಮಾಣಿಕ ಮನುಷ್ಯ, "ತಂಪು ಮಾತ್ರ ಐತೆ" ಎಂದರು.

ಸಂಜೆ ಬೀಗರು ಹೊರಡುವಾಗ ಚಪ್ಪಲಿ ಮೆಟ್ಟಿ, ಕೆಮ್ಮಿ, ಯಾರ ಮುಖವನ್ನೂ ನೋಡದೆ ನಾದಿನಿಗೆ ಹೇಳಿದರು: "ಬ್ಯಾಸಿಗಿ ಬಾಳ ಐತೆ ನೋಡು. ಆ ಗಟ್ಟಿ ಒಂದೆರಡು ಇದ್ರೆ ಕೊಡು. ಪೂಜೆಗಲ್ಲ. ನೆತ್ತಿಗೆ."

ಈ ಜಯದಿಂದ ಆಕೆಯ ತಲೆ ತಿರುಗಿತು. ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮ ನೆಂಟರ ಮದುವೆ, ಉರಿ ಬೇಸಿಗೆ. ಮಲ್ಲಿಗೆ ಹಡಗಲಿಯಿಂದಲೇ ಬರಬೇಕೆಂದು ಹುಡುಗಿಯ ತಾಯಿಯ ಹಟ. ತಪ್ಪೇನಿಲ್ಲ, ಹಡಗಲಿಯ ಮಲ್ಲಿಗೆ ಮುಡಿದವರು ಬೇರೆ ಮಲ್ಲಿಗೆಯನ್ನು ಹೂವೆಂದೇ ಕರೆಯುವುದಿಲ್ಲ. ಆದರೆ ಆ ಬಿಸಿಲಿನ ಬಸ್ಸಿನಲ್ಲಿ ಬಂದರೆ ಮೊಗ್ಗು ಕಂದಿ ಕಡ್ಡಿಯಾಗುತ್ತದೆ. "ನಾ ತರತೀನಿ, ಬಿಡ್ರಿ!" ಎಂದಳು ನಮ್ಮ ವಿಜ್ಞಾನಿ. ಬುಟ್ಟಿಯ ತಳಕ್ಕೆ ನೆನೆಸಿದ ಜೆಲ್ಲಿನ ಹಾಸು, ಅದರ ಮೇಲೆ ಬಾಳೆ ಎಲೆ, ಅದರ ಮೇಲೆ ಮೊಗ್ಗು, ಮತ್ತೆ ಎಲೆ, ಮತ್ತೆ ಹಾಸು. ತಾನೇ ತೊಡೆಯ ಮೇಲಿಟ್ಟುಕೊಂಡು ಹಡಗಲಿಯಿಂದ ಬಂದಳು.

ಬುಟ್ಟಿ ಬಿಚ್ಚಿದಾಗ ಎಲ್ಲರೂ ಬೆರಗಾದರು. ಆಗ ತಾನೇ ಕೊಯ್ದಂತಿದ್ದವು ಮೊಗ್ಗುಗಳು! ಬಿಳಿ, ಬಿಗಿ, ತಣ್ಣಗೆ. ಹುಡುಗಿಯ ತಾಯಿ ಸಂತೋಷದಿಂದ ಎರಡೂ ಕೈಯಲ್ಲಿ ಬಾಚಿ ಮುಖಕ್ಕೆ ಒತ್ತಿಕೊಂಡಳು. ಒತ್ತಿಕೊಂಡವಳು ಹಾಗೆಯೇ ನಿಂತಳು.

"ಹೂವು ಬಾಡಿಲ್ಲವ್ವಾ" ಎಂದಳು ನಿಧಾನವಾಗಿ. "ನನ್ನ ಮೂಗು ಬಾಡಿತು."

"ಹೂವಿನ ಬಣ್ಣ ನೋಡ್ರಿ, ಬಿಗಿ ನೋಡ್ರಿ! ವಾಸನಿ ಯಾಕ ನೋಡ್ತೀರಿ?"

"ಮತ್ತ ಮಲ್ಲಿಗಿ ಯಾಕ ಮುಡೀತಾರ, ಟೀಚರ?"

ಬೇರೆ ಹೂವಿಗೆ ಹೊತ್ತಿರಲಿಲ್ಲ. ಹುಡುಗಿ ಅದನ್ನೇ ಮುಡಿದಳು. ಛತ್ರದ ಮುಂದಿನ ರಸ್ತೆಯಲ್ಲಿ ಹೋಗುತ್ತಿದ್ದ ಕುರಿಹಿಂಡೊಂದು ಬಾಗಿಲ ಬಳಿ ಗಕ್ಕನೆ ನಿಂತು, ಮಂಟಪದ ಕಡೆ ತಿರುಗಿ, ಬಹಳ ಆತ್ಮೀಯವಾಗಿ "ಬ್ಯಾ" ಎಂದಿತು. ಇದು ನನ್ನ ಕಲ್ಪನೆ ಎಂದು ನಾದಿನಿ ಕೊನೆಯವರೆಗೂ ವಾದಿಸಿದಳು. ನಾನು ಕಾನ್ವೆಂಟಿನಲ್ಲಿ ಸುಳ್ಳು ಹೇಳಬಾರದೆಂದು ಕಲಿತವಳು.

ಟು ಬಿ ಫೇರ್, ಆಕೆಯ ಉಂಡೆ ಕೆಲಸ ಮಾಡಿದ್ದೂ ಉಂಟು. ತಂಬ್ರಹಳ್ಳಿಯ ಆ ಶಿಷ್ಯನ ಹೊಲದಲ್ಲಿ ಒಂದು ಸಾಲು ಟೊಮೆಟೊ ಸಸಿಯ ಬುಡಕ್ಕೆ ಉಂಡೆ ಹೂತಳು, ಪಕ್ಕದ ಸಾಲಿಗೆ ಇಲ್ಲ. ಎರಡು ಸಾಲಿಗೂ ಒಂದೇ ಸಮ ನೀರು. ನಾಲ್ಕು ದಿನ ಬಿಸಿಲಾದ ಮೇಲೆ ಉಂಡೆ ಇಲ್ಲದ ಸಾಲು ತಲೆ ಬಗ್ಗಿಸಿತು, ಉಂಡೆಯ ಸಾಲು ತಲೆ ಎತ್ತಿಕೊಂಡೇ ಇತ್ತು. ಆಕೆ ಆನಂದದಿಂದ ನನ್ನನ್ನು ಕರೆದುಕೊಂಡು ಹೋಗಿ ತೋರಿಸಲು ಹೊರಟಳು. ಹೋಗುವಷ್ಟರಲ್ಲಿ ಕುರಿ ಕಾಯುವ ನಾಯಿಗಳು ಕೂದಲ ವಾಸನೆ ಹಿಡಿದು, ಒಳಗೆ ಕುರಿಯೊಂದು ಸಿಕ್ಕಿಹಾಕಿಕೊಂಡಿದೆ ಎಂದು ಭಾವಿಸಿ, ಇಡೀ ಸಾಲನ್ನು ಕೆದರಿ ಉಂಡೆಗಳನ್ನೆಲ್ಲ ರಕ್ಷಿಸಿದ್ದವು! ಶಿಷ್ಯ ತಲೆ ಕೆರೆದುಕೊಂಡು ನಿಂತಿದ್ದ.

"ಮೇಡಂ, ನಾಯಿ ಫೇಲ್ ಮಾಡ್ಯಾವ್ರಿ."

"ನಾಯಿ ಪಾಸ್ ಆಗ್ಯಾವಲೇ! ಫೇಲ್ ಆಗಿದ್ದು ನಾನು" ಎಂದಳು. ಮುಂದಿನ ಸಲ ಉಂಡೆಯನ್ನು ಇನ್ನೂ ಆಳಕ್ಕೆ ಹೂತಳು. ನನ್ನ ಗುಲಾಬಿ ಕುಂಡದೊಳಕ್ಕೂ, ನನ್ನನ್ನು ಕೇಳದೆ, ಒಂದು ಹಾಕಿದಳು. ಆ ಬೇಸಿಗೆಯಲ್ಲಿ ನಾನು ನೀರು ಹಾಕುವುದನ್ನು ಮರೆತರೂ ಗುಲಾಬಿ ಮರೆಯದೆ ಹೂ ಬಿಟ್ಟಿತು. ನಾನು ಆಕೆಯೆದುರು ಇದನ್ನು ಒಪ್ಪಿಕೊಳ್ಳಲಿಲ್ಲ. "ಇಟ್ಸ್ ಎ ಗುಡ್ ವರೈಟಿ" ಎಂದೆ.

ಈ ಗದ್ದಲದಲ್ಲೆಲ್ಲ ನನ್ನ ಹೆಬ್ಬೆರಳು ಸಾಕ್ಸಿನೊಳಗೆ ಕೂತು ಕಾಯುತ್ತಿತ್ತು. ಡಾಕ್ಟರ ಮಾತು ದಿನಾ ನೆನಪಾಗುತ್ತಿತ್ತು. ರಾತ್ರಿ ಮಲಗುವ ಮುನ್ನ ಬೆರಳು ಅಲ್ಲಾಡಿಸಿ ನೋಡುತ್ತಿದ್ದೆ, ಇನ್ನೂ ನನ್ನದೇ ತಾನೇ ಎಂದು. ಆದರೆ ಬಿಳಿ ಸಾಕ್ಸಿನ ತೊಂದರೆ ಏನೆಂದರೆ, ಅದಕ್ಕೆ ಗುಟ್ಟು ಇಡಲು ಬರುವುದಿಲ್ಲ. ಒಂದು ಮಧ್ಯಾಹ್ನ ನಾನು ಕುರ್ಚಿಯಲ್ಲಿ ತೂಕಡಿಸುತ್ತಿದ್ದೆ. ನಾದಿನಿ ಉಣ್ಣೆಯ ಚೀಲ ಹೊತ್ತು ಹಾದುಹೋಗುತ್ತಿದ್ದವಳು ನಿಂತಳು. ಸಾಕ್ಸಿನ ತುದಿಯಲ್ಲಿ ಹಳದಿ ಕಲೆ. ಚೀಲ ಕೆಳಗಿಟ್ಟಳು. ನೆಲದ ಮೇಲೆ ಕೂತು, ಸಾಕ್ಸ್ ಸುರುಳಿ ಸುತ್ತಿ ತೆಗೆದಳು.

ನಾನು ಎಚ್ಚರಾದೆ. ಸಿಕ್ಕಿಬಿದ್ದೆನಲ್ಲ! ಇನ್ನೇನು ಮಾಡುವುದು? ಕಾನ್ವೆಂಟಿನ ಹುಡುಗಿಯರು ಧೈರ್ಯವಾಗಿ ಶರಣಾಗುತ್ತಾರೆ. "ಆಲ್ ರೈಟ್" ಎಂದೆ. "ತಾ ನಿನ್ನ ಉಂಡೆ. ಹಚ್ಚು. ಬಾಗಿಲ ಮೇಲೆ ಬರೆದುಕೋ."

ಆಕೆ ತಲೆ ಎತ್ತಿದಳು. ಅಷ್ಟು ಸಿಟ್ಟನ್ನು ನಾನು ಆ ಮುಖದಲ್ಲಿ ಕಂಡಿರಲಿಲ್ಲ. ನಾನು ಸೊಸೆಯಾಗಿ ಬಂದ ದಿನದಿಂದ ನನ್ನನ್ನು 'ನೀವು' ಎಂದವಳು, ಆ ದಿನ ಮೊದಲ ಸಲ 'ನೀನು' ಎಂದಳು.

"ತಲಿ ಐತೇನ ನಿನಗ? ಅದ್ರಾಗ ಕುರಿ ಕೂದಲ ಐತಿ, ಹಿತ್ತಲ ಮಣ್ಣ ಐತಿ, ನಾಯಿ ನೆಕ್ಕ್ಯಾವು. ಅದು ಗಿಡದ ಬೇರಿಗೆ. ನಿನ್ನ ಕಾಲಿಗೆ ಹಚ್ಚತೀನೇನ ಅದನ್ನ? ನನಗ ನೀ ಸ್ಯಾಂಪಲ್ ಏನ?"

ನಿಜ ಹೇಳುತ್ತೇನೆ, ಒಂದು ಕ್ಷಣ ನನಗೆ ಅವಮಾನವೇ ಆಯಿತು. ಬೀಗರಿಗೆ ಹಚ್ಚಬಹುದು, ಮದುವಣಗಿತ್ತಿಗೆ ಹಚ್ಚಬಹುದು, ನನಗೆ ಮಾತ್ರ ಇಲ್ಲ! ಆಮೇಲೆ ನೋಡಿದರೆ ಆಕೆ ಒಂದು ಕೈಯನ್ನು ನೆಲಕ್ಕೆ ತಾಗದ ಹಾಗೆ ಎತ್ತಿ ಹಿಡಿದಿದ್ದಳು. ನನ್ನ ಪಾದ ಆ ಕೈಯಲ್ಲಿತ್ತು.

ಮರುದಿನ ಬೆಳಿಗ್ಗೆಯೇ ದಾವಣಗೆರೆಯ ಆಸ್ಪತ್ರೆಗೆ ಹೊರಡಿಸಿದಳು. ಅಲ್ಲಿ ಒಬ್ಬ ಎಳೆಯ ಡಾಕ್ಟರು ಹುಣ್ಣು ನೋಡಿ, ತೊಳೆದು, ಸತ್ತ ಚರ್ಮ ತೆಗೆದು ಹೇಳಿದರು: "ಬೆರಳು ಉಳಿಸೋಕೆ ಟ್ರೈ ಮಾಡೋಣ. ಶುಗರ್ ಇಳೀಬೇಕು, ಕಾಲಿನ ಮೇಲೆ ಭಾರ ಹಾಕಬಾರದು. ಹುಣ್ಣಿನ ತೇವ ಆರಬಾರದು, ಅದಕ್ಕೆ ತೇವ ಇಡೋ ಡ್ರೆಸ್ಸಿಂಗ್ ಬರೀತೀನಿ. ಹೈಡ್ರೋಜೆಲ್ ಅಂತ ಬರುತ್ತೆ."

ಹೈಡ್ರೋಜೆಲ್! ನಾನು ನಿಧಾನವಾಗಿ ನಾದಿನಿಯ ಕಡೆ ತಿರುಗಿದೆ. ಆಕೆಯ ಮುಖದಲ್ಲಿ ಸೂರ್ಯ ಹುಟ್ಟುತ್ತಿದ್ದ.

"ಯಾವುದರಾಗ ಮಾಡಿದ್ದು ಡಾಕ್ಟರ್? ಕಡಲ ಪಾಚಿನಾ? ಎಷ್ಟು ನೀರು ಹಿಡೀತೈತಿ? ತಗಿಯುವಾಗ ಹೊಸ ಚರ್ಮಕ್ಕ ಅಂಟಂಗಿಲ್ಲಲ್ಲ? ಒಳಗ ಔಷಧ ಕೂಡಿಸಿದ್ರ ಸಾವಕಾಶ ಬಿಡತೈತೇನ್ರಿ?"

ಡಾಕ್ಟರು ಪಾಪ, ಎರಡು ಪ್ರಶ್ನೆಗೆ ಉತ್ತರ ಕೊಟ್ಟರು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು: "ಅಜ್ಜಿ, ನಿಮ್ಮಿಬ್ಬರಲ್ಲಿ ಪೇಷಂಟ್ ಯಾರು?"

ಅಲ್ಲಿಂದ ಮುಂದಿನ ದಿನಗಳಲ್ಲಿ ಆಕೆ ಕೊಟ್ಟೂರಿಗೆ ಹೋಗಲೇ ಇಲ್ಲ. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಚಾಪೆಲ್ಲಿಗೆ ಹೋಗುವ ಮುನ್ನ ಕೈ ತೊಳೆಯುತ್ತಿದ್ದ ಹಾಗೆ ಮೊಳಕೈವರೆಗೆ ತೊಳೆದುಕೊಂಡು, ಡಾಕ್ಟರು ಹೇಳಿಕೊಟ್ಟಂತೆ ಡ್ರೆಸ್ಸಿಂಗ್ ಬದಲಿಸುತ್ತಿದ್ದಳು. ಗಾಜಿನಂತೆ ತಿಳಿಯಾದ ತೆಳು ಹಾಳೆ. ಅದನ್ನು ತೆಗೆಯುವಾಗ ನನಗೆ ನೋಯುತ್ತಿರಲಿಲ್ಲ, ಆದರೆ ಆಕೆ ಮಾತ್ರ ಹಲ್ಲು ಕಚ್ಚಿ ಕಣ್ಣು ಕಿರಿದು ಮಾಡುತ್ತಿದ್ದಳು.

ಕಾಲಿನ ಮೇಲೆ ಭಾರ ಬೀಳಬಾರದಲ್ಲ, ಅದಕ್ಕೆ ಒಂದು ದಿಂಬು ಹೊಲಿದಳು. ಹೊರಗೆ ಹಳೆಯ ಕಂಬಳಿಯ ತುಂಡು, ಒಳಗೆ ನೆನೆಸಿದ ಜೆಲ್ಲು. ನನ್ನ ಹಿಮ್ಮಡಿ ಅದರೊಳಗೆ ಮೆತ್ತಗೆ ಹುದುಗಿಕೊಳ್ಳುತ್ತಿತ್ತು. ತೇವ ಹೊರಗೆ ಬಂದು ಹುಣ್ಣಿಗೆ ತಾಗಬಾರದೆಂದು, ಒಂದು ಕ್ಯಾರಿ ಬ್ಯಾಗ್ ಕಂಡರೆ ಅಂಗಡಿಯವನೊಂದಿಗೆ ಜಗಳಕ್ಕೆ ನಿಲ್ಲುತ್ತಿದ್ದ ನಮ್ಮ ನಾದಿನಿ, ತಾನೇ ಅಂಗಡಿಗೆ ಹೋಗಿ ದಪ್ಪ ಪ್ಲಾಸ್ಟಿಕ್ ಚೀಲ ಕೇಳಿ ತಂದು ಜೆಲ್ಲನ್ನು ಅದರೊಳಗೆ ಕಟ್ಟಿದ್ದಳು.

"ಪ್ಲಾಸ್ಟಿಕ್?" ಎಂದೆ ನಾನು, ಹುಬ್ಬೇರಿಸಿ.

"ಸುಮ್ಮ ಕುಂದ್ರು" ಎಂದಳು.

ಇನ್ನೊಂದು ವಿಚಿತ್ರ. ಮನೆ ಬಹಳ ಸುಮ್ಮನಾಗಿತ್ತು. ಏನೋ ಕಡಿಮೆಯಾಗಿದೆ ಎನಿಸುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ಹೊಳೆಯಿತು: ಟಪಾರ್ ಇಲ್ಲ! "ಬೀಜ ಯಾಕೆ ಹುರಿಯುವುದಿಲ್ಲ?" ಎಂದು ಕೇಳಿದೆ. "ಪುಡಿ ಹಾರತೈತಿ. ಹುಣ್ಣಿನ ಮ್ಯಾಲೆ ಕುಂದ್ರಬಾರದು" ಎಂದಳು, ಬೇಳೆ ಆರಿಸುತ್ತಾ. ಹಿತ್ತಲಿನಲ್ಲಿ ಬೀಜದ ಚೀಲ ಬಾಯಿ ಕಟ್ಟಿಕೊಂಡು ಕೂತಿತ್ತು.

ಹುಣ್ಣು ಮಾಯಿತು. ಸಾವಕಾಶ, ಅಂಚಿನಿಂದ ಒಳಗೆ, ಹೊಸ ಚರ್ಮ ಬಂತು. ದಾವಣಗೆರೆಯ ಡಾಕ್ಟರು ಕಾಲು ಹಿಡಿದು ಆ ಕಡೆ ಈ ಕಡೆ ತಿರುಗಿಸಿ, "ಬೆರಳು ನಿಮಗೇ ಇರಲಿ" ಎಂದರು. ಅದು ಈಗಲೂ ನನ್ನ ಬಳಿಯೇ ಇದೆ. ಇದನ್ನು ಬರೆಯುವಾಗ ಮೇಜಿನ ಕೆಳಗೆ ಅಲ್ಲಾಡಿಸಿ ನೋಡಿಕೊಂಡೆ.

ಆಮೇಲೆ ಆಕೆ ತನ್ನ ಚೀಲ ಕಟ್ಟಿಕೊಂಡು ಕೊಟ್ಟೂರಿಗೆ ಹೋದಳು. ಮುಂದಿನ ವಾರ ಬರಬೇಕಿತ್ತು, ಬರಲಿಲ್ಲ. ಮಧ್ಯಾಹ್ನ ಊಟ ಮಾಡಿ 'ಸ್ವಲ್ಪ ಅಡ್ಡಾಗತೀನಿ' ಎಂದು ಚಾಪೆ ಹಾಸಿಕೊಂಡವಳು ಏಳಲಿಲ್ಲವಂತೆ. ನಾನು ಹೋಗುವಷ್ಟರಲ್ಲಿ ನಮ್ಮಲ್ಲಿ ಮಾಡುವ ಹಾಗೆ ಗೋಡೆಗೆ ಆನಿಸಿ ಕೂರಿಸಿ, ಹಣೆ ತುಂಬ ವಿಭೂತಿ ಬಳಿದಿದ್ದರು. ಹರಪನಹಳ್ಳಿಯ ಬೀಗರೂ ಬಂದಿದ್ದರು. ಅವರೂ ನಾನೂ ಆ ಹಣೆಯನ್ನೇ ಬಹಳ ಹೊತ್ತು ನೋಡಿದೆವು. ವಿಭೂತಿ ಉಬ್ಬಲಿಲ್ಲ. ಬೀಗರು ಅಂಗವಸ್ತ್ರ ಮುಖಕ್ಕೆ ಒತ್ತಿಕೊಂಡು ಹೊರಗೆ ಹೋದರು.

ಮಳೆ ಬಿದ್ದ ಮೇಲೆ ಗುಲಾಬಿಯನ್ನು ದೊಡ್ಡ ಕುಂಡಕ್ಕೆ ಹಾಕಲು ಮಣ್ಣು ಬಿಡಿಸಿದೆ. ಆಕೆ ಹೂತಿಟ್ಟ ಉಂಡೆಗಾಗಿ ಹುಡುಕಿದೆ. ಬೆರಳಾಡಿಸಿ ಹುಡುಕಿದೆ. ಬಿಳಿ ಬೇರುಗಳು ಬಿಟ್ಟರೆ ಏನೂ ಇರಲಿಲ್ಲ. ಹಟಮಾರಿ! ಡಯಾಪರ್ ಸೀಳಿದ ದಿನ ಹೇಳಿದ ಹಾಗೇ ಮಾಡಿದ್ದಳು.

ಕೊಟ್ಟೂರಿನಲ್ಲಿ ಗೋಡೆಗಾನಿಸಿ ಕೂರಿಸಿದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ನಾದಿನಿ ಎಂದಾದರೂ ಅಷ್ಟು ಸುಮ್ಮನೆ ಕೂತವಳೇ? ನಾನು ಆಕೆಯನ್ನು ಕೊನೆಯ ಸಲ ನೋಡಿದ್ದು ಕೂಡ್ಲಿಗಿಯ ಬಸ್‌ಸ್ಟ್ಯಾಂಡಿನಲ್ಲಿ. ಕಾಲು ಮಾಯ್ದ ಮೇಲೆ ಮೊದಲ ಸಲ ನಾನೇ ನಡೆದುಕೊಂಡು ಕಳಿಸಲು ಹೋಗಿದ್ದೆ. ಆಕೆ ಕೊಟ್ಟೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಹುಣಸೆ ಬೀಜದ ಚೀಲವನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದಳು. ಊರಿಗೆ ಹೋದ ಕೂಡಲೇ ಹುರಿಯುತ್ತಾಳಂತೆ. ಬಸ್ಸು ಅಲುಗಿತು. ಆಕೆ ಅರ್ಧ ಮೈ ಹೊರಗೆ ಹಾಕಿ, ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ಕೂಗಿದಳು:

"ಅತ್ತಿಗವ್ವಾ! ಇನ್ನ ಆ ಸಾಕ್ಸ್ ತಗಿಯೇ! ಕಾಲಿಗೆ ಗಾಳಿ ಆಡ್ಲಿ!"

ಜನರೆಲ್ಲ ತಿರುಗಿ ನನ್ನ ಕಾಲು ನೋಡಿದರು. ಕಂಡಕ್ಟರೂ ನೋಡಿದ. ಮ್ಯಾನರ್ಸ್ ಎಂಬುದು ಒಂದಿದೆ. ಆದರೂ ನಾನು ಕಟ್ಟೆಗೆ ಒರಗಿ, ಬಗ್ಗಿ, ಬಲಗಾಲಿನ ಸಾಕ್ಸ್ ತೆಗೆದೆ. ಬಿಸಿಲಿಗೆ ಕಾದ ನೆಲದ ಮೇಲೆ ಬೇಡವೆಂದು ಪಾದವನ್ನು ಚಪ್ಪಲಿಯೊಳಗೆ ಇಳಿಸಿ, ನೆಟ್ಟಗೆ ನಿಂತು, ಆ ಬಿಳಿ ಸಾಕ್ಸನ್ನು ತಲೆಯ ಮೇಲೆತ್ತಿ ಬೀಸಿದೆ. ಆಕೆ ಬಾಯಿ ತುಂಬ ನಗುತ್ತಿದ್ದಳು. ಬಸ್ಸು ಕೊಟ್ಟೂರಿನ ರಸ್ತೆಗೆ ಹೊರಳುವವರೆಗೂ ಬೀಸುತ್ತಲೇ ಇದ್ದೆ.